ಗಿನಿಪಿಗ್‌ಗಳಿಗೆ ಟೈಮಿಂಗ್ ಹಾಕಿದ ಪದ್ಮರಾಜರು

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಪದ್ಮರಾಜರನ್ನು ಗೊತ್ತಿಲ್ಲ ಎಂದವನು ಆ ಊರಿನಲ್ಲಿ ಬಸ್ಸು ಹತ್ತಿದವನೇ ಅಲ್ಲ. ಇಪ್ಪತ್ತೇಳು ವರ್ಷಗಳಿಂದ ಅವರು ಅಲ್ಲಿ ಖಾಸಗಿ ಬಸ್ಸುಗಳ ಟೈಂಕೀಪರ್. ಕೆಲಸ ಕೇಳಲು ಸುಲಭ: ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಪುಸ್ತಕದಲ್ಲಿ ಬರೆಯುವುದು, ಹೊತ್ತಾದ ಕೂಡಲೇ ವಿಸಿಲ್ ಊದಿ ಹೊರಡಿಸುವುದು. ಮಾಡಿದವರಿಗೇ ಗೊತ್ತು ಅದರ ಕಷ್ಟ. ನಮ್ಮ ಕಡೆಯ ಕಂಡಕ್ಟರುಗಳು ಮನೆಯಲ್ಲಿ ಹೆಂಡತಿ ಬೈದರೆ ಸಹಿಸಿಯಾರು, ಮುಂದಿನ ಬಸ್ಸು ಒಂದು ನಿಮಿಷ ಹೆಚ್ಚು ನಿಂತರೆ ಸಹಿಸಲಾರರು. ಅಂಗಿಯ ಕೈ ಮಡಚಿಕೊಂಡು ಬಂದ ಎಷ್ಟೋ ಮಂದಿ ಪದ್ಮರಾಜರ ಪುಸ್ತಕ ನೋಡಿ ಸುಮ್ಮನೆ ವಾಪಸು ಹೋಗಿದ್ದಾರೆ. ಅವರು ಬರೆದ ಸಮಯ ತಪ್ಪು ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅವರ ಸ್ವಂತ ಬದುಕಿಗೂ ಅದೇ ಟೈಮಿಂಗ್. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ಸ್ನಾನ ಮುಗಿಸಿ ಬಸದಿಗೆ ಹೋಗಿ ಬರುವುದು, ಮತ್ತೆ ಸ್ಟ್ಯಾಂಡು. ಸಂಜೆ ಸೂರ್ಯ ಮುಳುಗುವ ಮೊದಲು ಊಟ ಆಗಿಬಿಡಬೇಕು. ಜೈನರ ಮನೆಗಳಲ್ಲಿ ಇದೇನೂ ವಿಶೇಷವಲ್ಲ, ಆದರೆ ಈಗಿನವರು ಮದುವೆ, ಹೋಟೆಲು, ಪ್ರಯಾಣ ಎಂದು ಸ್ವಲ್ಪ ಸಡಿಲ ಬಿಡುತ್ತಾರೆ. ಪದ್ಮರಾಜರು ಬಿಟ್ಟವರಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಅಜ್ಜಿಯ ಮುಂದೆ ಕೈಮುಗಿದು ನಿಯಮ ತೆಗೆದುಕೊಂಡದ್ದು. ಆಮೇಲೆ ಜ್ವರ ಬಂದು ಮಲಗಿದಾಗಲೂ ದೀಪ ಹಚ್ಚಿದ ಮೇಲೆ ಒಂದು ಅಗುಳು ಬಾಯಿಗೆ ಹಾಕಿಕೊಂಡವರಲ್ಲ. ಸಂಜೆಪಾಳಿ ಇದ್ದ ದಿನ ಹೆಂಡತಿ ರಾಜಮತಿ ಬುತ್ತಿ ಕಳಿಸುತ್ತಾಳೆ. ಐದೂ ಮುಕ್ಕಾಲಿಗೆ ಬಂಟ್ವಾಳ ಬಸ್ಸಿನ ಕಂಡಕ್ಟರ್ ಇಬ್ರಾಹಿಂ ಖಲೀಲ್ ಬಂದು, "ಪದ್ಮಣ್ಣ, ನೀವು ಉಂಡು ಬನ್ನಿ ಮಾರಾಯ್ರೆ, ಸೂರ್ಯನಿಗೆ ನಿಮ್ಮ ವಿಸಿಲ್ ಕೇಳುವುದಿಲ್ಲ" ಎಂದು ತಾನೇ ಪುಸ್ತಕ ಹಿಡಿದು ನಿಲ್ಲುತ್ತಾನೆ. ರಂಜಾನಿನ ನೋಂಬಿನ ತಿಂಗಳಲ್ಲಂತೂ ಇವರು ಕೈ ತೊಳೆಯುವುದಕ್ಕೂ ಅವನು ಖರ್ಜೂರ ಬಾಯಿಗಿಡುವುದಕ್ಕೂ ನಡುವೆ ಹತ್ತು ನಿಮಿಷವೂ ಇರುವುದಿಲ್ಲ.

ಇಂಥ ಮನೆಗೆ ಎರಡು ಗಿನಿಪಿಗ್ ಬಂದದ್ದು ಅದೇ ಖಲೀಲನ ಮನೆಯಿಂದ. ಅವನ ಮಗಳು ಜಸ್ನಾ, ಪದ್ಮರಾಜರ ಮಗಳು ಶರಣ್ಯಾ, ಇಬ್ಬರೂ ಪಿಯುಸಿಯಲ್ಲಿ ಒಂದೇ ಬೆಂಚು. ಜಸ್ನಾಳ ಗಿನಿಪಿಗ್ ಮರಿ ಹಾಕಿತು, ಎರಡು ಮರಿ ರಟ್ಟಿನ ಪೆಟ್ಟಿಗೆಯಲ್ಲಿ ಕೂತು ಮೂಡುಬಿದಿರೆಗೆ ಬಂದವು. ಕಂದು ಬಣ್ಣದ್ದಕ್ಕೆ ಶರಣ್ಯಾ ಬನ್ಸ್ ಎಂದು ಹೆಸರಿಟ್ಟಳು, ಬಿಳಿಯದಕ್ಕೆ ಗೋಳಿ. ಪದ್ಮರಾಜರಿಗೆ ಹಿಡಿಸಲಿಲ್ಲ. "ಜೀವವನ್ನು ಗೂಡಿನಲ್ಲಿ ಇಟ್ಟು ಸಾಕುವುದು ಎಂಥ ಪುಣ್ಯ?" ಎಂದರು. "ಹೊರಗೆ ಬಿಟ್ಟರೆ ಬೆಕ್ಕು ತಿನ್ನುತ್ತದೆ ಅಪ್ಪ, ಅದು ಪುಣ್ಯವಾ?" ಎಂದಳು ಮಗಳು. ಗೂಡು ಮಹಡಿಯ ಮೇಲೆ ಅವಳ ಕೋಣೆಯಲ್ಲಿ ಉಳಿಯಿತು, ಅವರು ಆ ಕಡೆ ತಲೆ ಹಾಕಲಿಲ್ಲ.

ಡಿಸೆಂಬರಿನಲ್ಲಿ ಶರಣ್ಯಾಳಿಗೆ ಬೆಳ್ತಂಗಡಿ ಕಡೆ ಹತ್ತು ದಿನದ ಎನ್‌ಸಿಸಿ ಕ್ಯಾಂಪ್ ಬಂತು. ಅಲ್ಲಿ ಫೋನು ಇಟ್ಟುಕೊಳ್ಳುವ ಹಾಗಿಲ್ಲ. ರಾಜಮತಿಗೆ ಮಂಡಿನೋವು, ಮಹಡಿ ಹತ್ತುವುದು ಕಷ್ಟ. ಹಾಗಾಗಿ ಗೂಡು ಕೆಳಗೆ ಚಾವಡಿಗೆ ಇಳಿಯಿತು.

"ಅಪ್ಪ, ಹುಲ್ಲು ಖಾಲಿಯಾಗಬಾರದು. ನೀರು ದಿನಾ ಬದಲಿಸಬೇಕು. ದೊಡ್ಡ ಸದ್ದು ಮಾಡಬಾರದು," ಎಂದು ಶರಣ್ಯಾ ಬೂಟಿನ ದಾರ ಕಟ್ಟುತ್ತಾ ಹೇಳಿದಳು. "ಇವುಗಳಿಗೆ ಏನಾದರೂ ಆದರೆ ನಾನು ನಿಮ್ಮ ಹತ್ತಿರ ಮಾತಾಡುವುದಿಲ್ಲ."

ನಗುತ್ತಲೇ ಹೇಳಿದಳು, ಆದರೆ ಪದ್ಮರಾಜರಿಗೆ ಅದು ನಗುವ ಮಾತಾಗಿ ಕೇಳಿಸಲಿಲ್ಲ. ಮಗಳು ಯಾವ ಕೆಲಸವನ್ನೂ ಅವರಿಗೆ ಒಪ್ಪಿಸಿದವಳಲ್ಲ, ಇದೇ ಮೊದಲು. ಆ ಹತ್ತು ದಿನಕ್ಕೆ ಸಂಜೆಪಾಳಿಯನ್ನು ಇನ್ನೊಬ್ಬರಿಗೆ ಕೊಟ್ಟು, ನಾಲ್ಕು ಗಂಟೆಗೆ ಮನೆಗೆ ಬರುವ ಹಾಗೆ ಮಾಡಿಕೊಂಡರು.

ಮೊದಲ ಸಂಜೆ ಗೂಡಿನ ತುಂಬ ಹುಲ್ಲು ಹಾಕಿದರು, ಎರಡೂ ಕಟಕಟ ತಿಂದವು. ಆರು ಗಂಟೆಯಾಯಿತು. ತಮ್ಮ ಊಟ ಮುಗಿಸಿ ಕೈ ತೊಳೆದು, ಗೂಡಿನೊಳಗಿನ ಹುಲ್ಲನ್ನು ಒಂದು ಕಡ್ಡಿಯೂ ಉಳಿಯದ ಹಾಗೆ ತೆಗೆದು ಬುಟ್ಟಿಗೆ ಹಾಕಿ ಮುಚ್ಚಿದರು. ಇದನ್ನು ಅವರು ಯೋಚಿಸಿ ಮಾಡಲಿಲ್ಲ. ಆ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಅನ್ನದ ಪಾತ್ರೆಗೆ ಮುಚ್ಚಳ ಬೀಳುತ್ತದೆ, ಅಷ್ಟೆ. ರಾಜಮತಿ ಪಕ್ಕದಲ್ಲೇ ಕೂತು ಹೂ ಕಟ್ಟುತ್ತಿದ್ದಳು. ಅವಳಿಗೂ ಅದರಲ್ಲಿ ಕೇಳುವಂಥದ್ದು ಏನೂ ಕಾಣಲಿಲ್ಲ.

ಗೊಂದಲ ಶುರುವಾದದ್ದು ಅಲ್ಲಿಂದ. ಆರೂವರೆಗೆ ಎರಡೂ ಪ್ರಾಣಿಗಳು ಒಮ್ಮೆಗೇ ಗೂಡಿನೊಳಗೆ ಓಡಲು ಹಿಡಿದವು. ನಿಂತಲ್ಲೇ ನೆಗೆದವು, ಸರಳಿಗೆ ಮೂತಿ ಒತ್ತಿ 'ವೀಕ್ ವೀಕ್' ಎಂದು ಕೂಗಿದವು. ಲೋಕವೆಲ್ಲ ತಣ್ಣಗಾಗುವ ಹೊತ್ತಿಗೆ ಇವುಗಳದ್ದೆಂಥ ಕುಣಿತ? ದೀಪದ ಬೆಳಕಿಗೆ ಹೆದರಿರಬಹುದು ಎಂದು ಪದ್ಮರಾಜರು ದೀಪ ಆರಿಸಿದರು. ಟಿವಿ ಬಂದ್ ಮಾಡಿದರು. ರಾಜಮತಿಯ ಹಳೇ ಸೀರೆ ತಂದು ಗೂಡಿಗೆ ಹೊದೆಸಿದರು. ಮಲಗುವ ಮುಂಚೆ ಟಾರ್ಚ್ ಹಾಕಿ ನೋಡಿದರೆ ನಾಲ್ಕು ಕಣ್ಣುಗಳೂ ತೆರೆದಿದ್ದವು. ಬೆಳಿಗ್ಗೆ ಏಳುವಾಗ ನೋಡಿದರೂ ತೆರೆದೇ ಇದ್ದವು.

"ಇವು ಮಲಗುವುದೇ ಇಲ್ಲ ಮಾರಾಯ್ತಿ," ಎಂದರು ಹೆಂಡತಿಗೆ.

"ಹೊಸ ಜಾಗ ಅಲ್ಲವಾ, ನಿದ್ದೆ ಬರಲಿಕ್ಕಿಲ್ಲ," ಎಂದಳು ರಾಜಮತಿ.

ಇನ್ನೊಬ್ಬರಾದರೆ ಅಲ್ಲಿಗೇ ಬಿಡುತ್ತಿದ್ದರು. ಪದ್ಮರಾಜರು ಬಿಡುವ ಪೈಕಿ ಅಲ್ಲ. ಒಂದು ಹಳೇ ಪುಸ್ತಕ ಹುಡುಕಿ ಗೆರೆ ಎಳೆದು, ಒಂದು ಕಡೆ ಬನ್ಸ್, ಇನ್ನೊಂದು ಕಡೆ ಗೋಳಿ ಎಂದು ಬರೆದರು. ನಾಲ್ಕೂ ಹತ್ತು, ಬನ್ಸ್ ಕೂತಿದೆ. ನಾಲ್ಕೂ ಹನ್ನೆರಡು, ಅಲ್ಲಾಡುವುದಿಲ್ಲ, ಮಲಗಿರಬಹುದು. ನಾಲ್ಕೂ ಹದಿನಾರು, ತಿನ್ನುತ್ತಿದೆ. ನಾಲ್ಕೂ ಇಪ್ಪತ್ತು, ಮತ್ತೆ ಕೂತಿತು. 'ಮಲಗಿದೆ' ಎಂದು ಬರೆದ ಮರುಕ್ಷಣ ಅದು ಎದ್ದು ಮುಖ ಉಜ್ಜಿಕೊಳ್ಳುತ್ತಿತ್ತು. 'ಎಚ್ಚರ' ಎಂದು ತಿದ್ದುವಷ್ಟರಲ್ಲಿ ಮತ್ತೆ ಕಲ್ಲಿನ ಹಾಗೆ ಕೂತುಬಿಡುತ್ತಿತ್ತು. ಕಣ್ಣಿನ ಮುಂದೆ ಬೆರಳು ಆಡಿಸಿದರೆ ರೆಪ್ಪೆ ಅಲುಗುತ್ತಿರಲಿಲ್ಲ, ಆದರೆ ಅಡುಗೆಮನೆಯಲ್ಲಿ ಚೀಲ ಸರಕ್ಕೆಂದರೆ ಎರಡೂ ಒಟ್ಟಿಗೆ ಕೂಗುತ್ತಿದ್ದವು. ದಿನಕ್ಕೆ ನೂರಾರು ಬಸ್ಸುಗಳ ಲೆಕ್ಕ ಇಟ್ಟ ಮನುಷ್ಯನಿಗೆ ಎರಡು ಹಿಡಿಗಾತ್ರದ ಪ್ರಾಣಿಗಳ ನಿದ್ದೆಯನ್ನು ಬರೆದಿಡಲು ಆಗಲಿಲ್ಲ. ಅವರಿಗೆ ನಿಜಕ್ಕೂ ಅವಮಾನವಾಯಿತು.

ಮೂರನೆಯ ದಿನ ಖಲೀಲನನ್ನು ಕೇಳಿದರು. ಅವನು ಟಿಕೆಟ್ ಮೆಷಿನ್ ಒರೆಸುತ್ತಾ ನಕ್ಕ.

"ಅವು ಹಾಗೆಯೇ ಪದ್ಮಣ್ಣ. ಕಣ್ಣು ತೆರೆದೇ ಮಲಗುವುದು. ಬೆಳಿಗ್ಗೆ, ಸಂಜೆ ಕುಣಿತ ಹೆಚ್ಚು ಅಂತ ಜಸ್ನಾ ಹೇಳ್ತಾಳೆ."

"ಕಣ್ಣು ತೆರೆದು ಮಲಗಿದರೆ ಅದು ಮಲಗಿದ್ದು ಅಂತ ಹೇಳುವವರು ಯಾರು?"

"ಅದನ್ನೇ ಕೇಳಬೇಕು. ಸರಿಯಾಗಿ ತಿನ್ನುತ್ತವಾ?"

"ಕೊಟ್ಟದ್ದನ್ನೆಲ್ಲ ಖಾಲಿ ಮಾಡ್ತವೆ."

"ಮತ್ತೆಂತ ತೊಂದರೆ ನಿಮಗೆ?" ಎಂದು ಖಲೀಲ್ ಬಸ್ಸು ಹತ್ತಿದ.

ಪದ್ಮರಾಜರು ಸುಳ್ಳು ಹೇಳಿರಲಿಲ್ಲ. ಕೊಟ್ಟದ್ದನ್ನು ಖಾಲಿ ಮಾಡುತ್ತಿದ್ದವು ಹೌದು. ಎಷ್ಟು ಹೊತ್ತು ಕೊಡುತ್ತಿದ್ದರು ಎಂಬುದನ್ನು ಹೇಳಬೇಕು ಎಂದು ಅವರಿಗೆ ಹೊಳೆಯಲೇ ಇಲ್ಲ. ಆದರೆ ಕಣ್ಣು ತೆರೆದ ನಿದ್ದೆಯ ಕಥೆ ಅವರಿಗೆ ಒಪ್ಪಿಗೆಯಾಗಲಿಲ್ಲ. ಶಿಸ್ತಿಲ್ಲದ ಪ್ರಾಣಿಗಳು, ಟೈಮಿಂಗ್ ಹಾಕಿದರೆ ಸರಿಹೋಗುತ್ತವೆ ಎಂದು ತೀರ್ಮಾನಿಸಿದರು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ವಿಶ್ರಾಂತಿ. ಆ ಹೊತ್ತಿನಲ್ಲಿ ಹುಲ್ಲು ತೆಗೆದು ಸೀರೆ ಹೊದೆಸಬೇಕು ಎಂದು ರಾಜಮತಿಗೆ ಹೇಳಿದರು, ಅವಳು ಹಾಗೆಯೇ ಮಾಡಿದಳು. ಸಂಜೆ ಆರಕ್ಕೆ ಮತ್ತೆ ಹುಲ್ಲು ಬುಟ್ಟಿಗೆ, ಬೆಳಿಗ್ಗೆ ಸೂರ್ಯ ಕಂಡ ಮೇಲೆ ಮತ್ತೆ ಗೂಡಿಗೆ.

ಸಂಜೆಯ ಕೂಗು ಮೊದಲೆರಡು ದಿನ ಹೆಚ್ಚಾಯಿತು, ಆಮೇಲೆ ಕಡಿಮೆಯಾಗುತ್ತಾ ಬಂತು. ದಾರಿಗೆ ಬರುತ್ತಿವೆ ಎಂದು ಪದ್ಮರಾಜರಿಗೆ ಸಮಾಧಾನ. ಬೆಳಿಗ್ಗೆ ಗೂಡು ಗುಡಿಸುವಾಗ ಹಿಕ್ಕೆಯೂ ಕಡಿಮೆ ಇರುತ್ತಿತ್ತು. ಕೆಲಸ ಹಗುರವಾಯಿತು ಎಂದು ಅದಕ್ಕೂ ಸಂತೋಷಪಟ್ಟರು.

ಏಳನೆಯ ದಿನದ ಸಂಜೆ ಬನ್ಸ್ ಕಣ್ಣು ಮುಚ್ಚಿತು. ಮೂಲೆಯಲ್ಲಿ ಮೈ ಮುದುಡಿ, ರೋಮ ನಿಮಿರಿಸಿ, ಎರಡೂ ಕಣ್ಣು ಮುಚ್ಚಿ ಕೂತಿತ್ತು. ಗೋಳಿ ಹೋಗಿ ಮೂತಿಯಿಂದ ತಳ್ಳಿದರೂ ಅಲ್ಲಾಡಲಿಲ್ಲ. ಪದ್ಮರಾಜರು ಉಸಿರು ಹಿಡಿದು ಐದು ನಿಮಿಷ ನೋಡಿದರು, ಹತ್ತು ನಿಮಿಷ ನೋಡಿದರು. ಆಮೇಲೆ ತುದಿಗಾಲಿನಲ್ಲಿ ಅಡುಗೆಮನೆಗೆ ಹೋಗಿ ರಾಜಮತಿಯನ್ನು ಕೈಹಿಡಿದು ಕರೆತಂದರು.

"ನೋಡು, ಮಲಗಿತು. ಸರಿಯಾಗಿ ಏಳು ಗಂಟೆಗೆ!"

"ಪಾಪ, ಎಷ್ಟು ದಿನದ ನಿದ್ದೆಯೋ," ಎಂದಳು ರಾಜಮತಿ.

ಅವರು ಸಮಯ ಬರೆದು ಕೆಳಗೆ ಗೆರೆ ಎಳೆದರು. ಸೀರೆಯನ್ನು ಎರಡು ಮಡಿಕೆ ಮಾಡಿ ಗೂಡಿಗೆ ಬೆಚ್ಚಗೆ ಹೊದೆಸಿದರು. ಅಂದು ಅವರಿಗೂ ಒಳ್ಳೆಯ ನಿದ್ದೆ ಬಂತು.

ಮರುದಿನ ಬೆಳಿಗ್ಗೆ ಹುಲ್ಲು ಹಾಕಿದಾಗ ಗೋಳಿ ಓಡಿ ಬಂತು, ಬನ್ಸ್ ಬರಲಿಲ್ಲ. ಮಲಗಲಿ ಎಂದು ಪದ್ಮರಾಜರು ಡ್ಯೂಟಿಗೆ ಹೋದರು. ಹತ್ತು ಗಂಟೆಗೆ ಖಲೀಲನ ಬಸ್ಸು ಬಂದು ನಿಂತಾಗ ತಡೆಯಲಾರದೆ ತಾವೇ ಅವನ ಹತ್ತಿರ ಹೋದರು.

"ಕಣ್ಣು ತೆರೆದೇ ಮಲಗುವುದು ಅಂದಿಯಲ್ಲ? ನಮ್ಮ ಬನ್ಸ್ ನಿನ್ನೆ ಏಳಕ್ಕೆ ಕಣ್ಣು ಮುಚ್ಚಿ ಮಲಗಿದೆ, ಬೆಳಿಗ್ಗೆಯೂ ಎದ್ದಿಲ್ಲ. ಎಲ್ಲ ಅಭ್ಯಾಸ."

ಖಲೀಲನ ಮುಖದ ನಗು ಹೋಯಿತು. "ಬೆಳಿಗ್ಗೆ ಹುಲ್ಲು ತಿಂದಿತಾ?"

"ಇಲ್ಲ, ಮಲಗಿತ್ತಲ್ಲ."

"ಪದ್ಮಣ್ಣ, ಅದು ಮಲಗಿದ್ದಲ್ಲ," ಎಂದ ಖಲೀಲ್. "ನಮ್ಮಲ್ಲಿ ಒಂದು ಹೀಗೆಯೇ ಕೂತು ಮರುದಿನ ಸತ್ತಿತು. ಬೇಗ ತನ್ನಿ. ಬಂಟ್ವಾಳದಲ್ಲಿ ಒಬ್ಬರು ಡಾಕ್ಟರಮ್ಮ ಇದ್ದಾರೆ, ಜಸ್ನಾ ಅಲ್ಲಿಗೇ ಹೋಗುವುದು."

ಬಸ್‌ಸ್ಟ್ಯಾಂಡಿನಿಂದ ಮನೆಗೆ ಏಳು ನಿಮಿಷದ ದಾರಿ. ಐವತ್ತಾರು ವರ್ಷದ ಮನುಷ್ಯ ಅಷ್ಟು ದೂರ ಓಡಿದ್ದನ್ನು ಊರವರು ಅಂದೇ ನೋಡಿದ್ದು. ಬನ್ಸನ್ನು ಬೈರಾಸು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟುಕೊಂಡು ವಾಪಸು ಬರುವಾಗ ಹತ್ತೂ ಇಪ್ಪತ್ತೆರಡು. ಖಲೀಲನ ಬಸ್ಸಿನ ಟೈಮು ಹತ್ತೂವರೆ. ಅದಕ್ಕಿಂತ ಮೊದಲು ಹೊರಡಬೇಕಾದ ಬಸ್ಸಿನ ಕಂಡಕ್ಟರ್ ಇನ್ನೂ ಚಹಾ ಕುಡಿಯುತ್ತಿದ್ದ. ಪದ್ಮರಾಜರು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಎಂಟು ನಿಮಿಷ ಮುಂಚೆ ವಿಸಿಲ್ ಊದಿದರು. ಸ್ಟ್ಯಾಂಡಿಗೆ ಸ್ಟ್ಯಾಂಡೇ ತಿರುಗಿ ತಮ್ಮ ತಮ್ಮ ಗಡಿಯಾರ ನೋಡಿಕೊಂಡಿತು. ಯಾರೂ ಜಗಳಕ್ಕೆ ಬರಲಿಲ್ಲ, ಗಡಿಯಾರವೇ ಹಿಂದೆ ಉಳಿದಿರಬೇಕು ಎಂದುಕೊಂಡರೋ ಏನೋ.

ಸಿದ್ದಕಟ್ಟೆ ದಾಟುವವರೆಗೂ ಅವರು ಬುಟ್ಟಿಯೊಳಗೆ ಕೈಯಿಟ್ಟು ಕೂತಿದ್ದರು. ಅಂಗೈಯ ಕೆಳಗೆ ಆ ಸಣ್ಣ ಎದೆ ಡವಡವ ಎನ್ನುತ್ತಿತ್ತು. ಏಳು ದಿನದಲ್ಲಿ ಅದನ್ನು ಮುಟ್ಟಿದ್ದು ಇದೇ ಮೊದಲು ಎಂದು ಅವರಿಗೆ ಆಗ ನೆನಪಾಯಿತು. ನೋಡಿದ್ದು, ಬರೆದದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ.

ಡಾಕ್ಟರ್ ದೀಕ್ಷಿತಾ ವಯಸ್ಸಿನಲ್ಲಿ ಚಿಕ್ಕವಳು. ಬನ್ಸಿನ ಹೊಟ್ಟೆ ಒತ್ತಿ, ಸ್ಟೆತಸ್ಕೋಪ್ ಇಟ್ಟು ಕೇಳಿ, ಹಲ್ಲು ನೋಡಿದಳು.

"ಹೊಟ್ಟೆ ನಿಂತುಬಿಟ್ಟಿದೆ. ಹಿಕ್ಕೆ ಹೇಗೆ ಹಾಕ್ತಿತ್ತು?"

"ಕಡಿಮೆ. ಎರಡು ಮೂರು ದಿನದಿಂದ ಬಹಳ ಕಡಿಮೆ."

"ಹುಲ್ಲು ಯಾವಾಗಲೂ ಇರ್ತದಾ?"

"ಇರ್ತದೆ. ಬೆಳಿಗ್ಗೆಯಿಂದ ಇರ್ತದೆ. ಮಧ್ಯಾಹ್ನ ಸ್ವಲ್ಪ ವಿಶ್ರಾಂತಿ."

"ಮತ್ತೆ ರಾತ್ರಿ?"

"ರಾತ್ರಿಯಾ?" ಪದ್ಮರಾಜರು ಆಶ್ಚರ್ಯದಿಂದ ಕೇಳಿದರು. "ರಾತ್ರಿ ಯಾರು ತಿನ್ನುತ್ತಾರೆ?"

ಡಾಕ್ಟರು ಒಂದು ಕ್ಷಣ ಅವರ ಮುಖ ನೋಡಿದಳು. ಇದು ತಮಾಷೆಯಲ್ಲ ಎಂದು ಅವಳಿಗೆ ಗೊತ್ತಾಗಿರಬೇಕು, ದನಿ ತಗ್ಗಿಸಿ ಬಿಡಿಸಿ ಹೇಳಿದಳು. ಇವು ಹಗಲಿನ ಪ್ರಾಣಿಯೂ ಅಲ್ಲ, ರಾತ್ರಿಯ ಪ್ರಾಣಿಯೂ ಅಲ್ಲ. ಬೆಳಗಿನ ಮಬ್ಬಿನಲ್ಲಿ, ಸಂಜೆಯ ಮಬ್ಬಿನಲ್ಲಿ ಇವಕ್ಕೆ ಹುರುಪು ಹೆಚ್ಚು. ಉಳಿದ ಹೊತ್ತೆಲ್ಲ ಕೆಲವು ನಿಮಿಷ ನಿದ್ದೆ, ಎದ್ದು ಸ್ವಲ್ಪ ಹುಲ್ಲು, ಮತ್ತೆ ನಿದ್ದೆ, ಹೀಗೇ ಇಪ್ಪತ್ತನಾಲ್ಕು ಗಂಟೆ. ಯಾರಾದರೂ ಹಿಡಿದು ತಿಂದಾರು ಎಂಬ ಹೆದರಿಕೆಗೆ ಕಣ್ಣು ತೆರೆದೇ ಮಲಗುತ್ತವೆ. ತಿನ್ನುವುದು ನಿಂತರೆ ಹೊಟ್ಟೆ ನಿಲ್ಲುತ್ತದೆ, ಹೊಟ್ಟೆ ನಿಂತರೆ ಹೆಚ್ಚು ದಿನ ಇರುವುದಿಲ್ಲ.

"ಹಾಗಾದರೆ ನಿನ್ನೆ ಕಣ್ಣು ಮುಚ್ಚಿದ್ದು?"

"ನೋವಿಗೆ," ಎಂದಳು ಡಾಕ್ಟರು.

ಅವಳು ಎರಡು ಇಂಜೆಕ್ಷನ್ ಕೊಟ್ಟಳು, ಹುಲ್ಲಿನ ಪುಡಿಯ ಒಂದು ಪೊಟ್ಟಣ ಕೊಟ್ಟಳು. ನೀರಿನಲ್ಲಿ ಕಲಸಿ ಸಿರಿಂಜಿನಿಂದ ಬಾಯಿಯ ಬದಿಗೆ ಸ್ವಲ್ಪ ಸ್ವಲ್ಪವೇ ಬಿಡಬೇಕು, ಮೂರು ಗಂಟೆಗೊಮ್ಮೆ, ಹಗಲೂ ರಾತ್ರಿಯೂ. ಉಳಿಯುತ್ತದೆ ಎಂದು ಅವಳು ಹೇಳಲಿಲ್ಲ.

ಮನೆಗೆ ಬಂದು ಮಧ್ಯಾಹ್ನ ಮೂರಕ್ಕೆ ಒಂದು ಸಲ ಕೊಟ್ಟರು, ಸಂಜೆ ಆರಕ್ಕೆ ಇನ್ನೊಂದು ಸಲ. ಅಲ್ಲಿಯವರೆಗೆ ಸರಿಯಿತ್ತು. ಆಮೇಲೆ ಕತ್ತಲಾಯಿತು. ಒಂಬತ್ತು ಗಂಟೆಗೆ ಪದ್ಮರಾಜರು ಒಂದು ಕೈಯಲ್ಲಿ ಸಿರಿಂಜು, ಇನ್ನೊಂದರಲ್ಲಿ ಬಟ್ಟಲು ಹಿಡಿದುಕೊಂಡು ಚಾವಡಿಯ ನಡುವೆ ನಿಂತುಬಿಟ್ಟರು. ನಲವತ್ತೈದು ವರ್ಷದಲ್ಲಿ ಈ ಹೊತ್ತಿಗೆ ಅವರ ಕೈ ಆಹಾರ ಮುಟ್ಟಿದ್ದಿಲ್ಲ. ಸೊಳ್ಳೆ, ಹುಳ ಅನ್ನಕ್ಕೆ ಬಿದ್ದು ಸಾಯಬಾರದು ಎಂದೇ ಹಿರಿಯರು ಮಾಡಿಟ್ಟ ನಿಯಮ ಅದು. ಸೊಳ್ಳೆಯನ್ನು ಉಳಿಸಲು ಹೋಗಿ ಇದನ್ನು ಕೊಂದೆನೆ? ಇದನ್ನು ಉಳಿಸಲು ಹೋದರೆ ಆ ನಿಯಮದ ಗತಿ ಏನು? ಎಷ್ಟು ತಿರುಗಿಸಿ ಹಾಕಿದರೂ ಯಾವುದು ಹಿಂಸೆ, ಯಾವುದು ದಯೆ ಎಂದು ಅವರಿಗೆ ಬಿಡಿಸಲಾಗಲಿಲ್ಲ.

"ಎಂತ ಯೋಚನೆ?" ಎಂದು ಕೇಳಿದಳು ರಾಜಮತಿ. "ನಿಯಮ ತೆಗೆದುಕೊಂಡದ್ದು ನಿಮ್ಮ ಬಾಯಿಗೆ. ಅದರ ಬಾಯಿಗೆ ಯಾರು ತೆಗೆದುಕೊಂಡರು? ಹಿಡಿಯಿರಿ ಇಲ್ಲಿ, ನಾನು ತಲೆ ಹಿಡಿಯುತ್ತೇನೆ."

ಅವಳು ತಲೆ ಹಿಡಿದಳು, ಅವರು ತೊಟ್ಟು ತೊಟ್ಟಾಗಿ ಬಿಟ್ಟರು. ಮೊದಲ ಸಲ ಅರ್ಧ ಹೊರಗೆ ಬಂತು. ಹನ್ನೆರಡಕ್ಕೆ ಮತ್ತೆ, ಮೂರಕ್ಕೆ ಮತ್ತೆ. ಮರುದಿನ ಅವರು ಡ್ಯೂಟಿಗೆ ಹೋಗಲಿಲ್ಲ. ಸಂಜೆಯ ಹೊತ್ತಿಗೆ ಬನ್ಸ್ ನಾಲ್ಕು ಹಿಕ್ಕೆ ಹಾಕಿತು. ಗಂಡಹೆಂಡತಿ ಇಬ್ಬರೂ ಬಗ್ಗಿ ಕೂತು ಅದನ್ನು ನೋಡಿದರು. ಏಳೂವರೆಗೆ, ಹೊರಗೆ ಪೂರ್ತಿ ಕತ್ತಲಾದ ಮೇಲೆ, ಬನ್ಸ್ ತಾನಾಗಿ ಒಂದು ಹುಲ್ಲುಕಡ್ಡಿಯನ್ನು ಬಾಯಿಗೆ ಎಳೆದುಕೊಂಡಿತು. ಪದ್ಮರಾಜರಿಗೆ ಅಳು ಬಂತು. ಹೆಂಡತಿಯ ಮುಂದೆ ಅಳುವುದಕ್ಕೆ ಅವರಿಗೆ ನಾಚಿಕೆಯೂ ಆಗಲಿಲ್ಲ.

ಕ್ಯಾಂಪ್ ಮುಗಿಯುವ ದಿನ ರಾಜಮತಿ ಮೆಲ್ಲಗೆ ಹೇಳಿದಳು: "ಈಗ ಸರಿಯಾಗಿದೆಯಲ್ಲ. ಅವಳಿಗೆ ಹೇಳುವುದು ಯಾಕೆ?" ಪದ್ಮರಾಜರು ಗೂಡಿನ ನೀರು ಬದಲಿಸಲು ಎದ್ದರು.

ಮಧ್ಯಾಹ್ನ ಶರಣ್ಯಾ ಬಿಸಿಲಿಗೆ ಕಪ್ಪಾಗಿ ಬಂದಳು. ಬ್ಯಾಗು ಇಳಿಸುವ ಮೊದಲೇ ಗೂಡಿಗೆ ಕೈಹಾಕಿ ಬನ್ಸನ್ನು ಎತ್ತಿಕೊಂಡವಳು, "ಇದು ಯಾಕೆ ಇಷ್ಟು ಹಗುರ?" ಎಂದಳು.

ಪದ್ಮರಾಜರು ಎಲ್ಲವನ್ನೂ ಹೇಳಿದರು. ಹುಲ್ಲು ತೆಗೆದದ್ದು, ಮಧ್ಯಾಹ್ನದ ವಿಶ್ರಾಂತಿ, ಡಾಕ್ಟರು, ಇಂಜೆಕ್ಷನ್.

"ಗೊತ್ತಿಲ್ಲದೆ ಮಾಡಿದೆ. ಅದಾದರೂ ಹೋಗಲಿ," ಎಂದರು. "ಅದು ನೋವಿಗೆ ಕಣ್ಣು ಮುಚ್ಚಿತ್ತು ಮಗಾ. ನಾನು ಖುಷಿಪಟ್ಟೆ. ನಿನ್ನ ಅಮ್ಮನನ್ನು ಕರೆದು ತೋರಿಸಿದೆ."

ಶರಣ್ಯಾ ಗೂಡು ಎತ್ತಿಕೊಂಡು ಮಹಡಿ ಹತ್ತಿದಳು, ಕೋಣೆಯ ಬಾಗಿಲು ಹಾಕಿಕೊಂಡಳು. ಊಟಕ್ಕೆ ಕರೆದರೆ ಬರಲಿಲ್ಲ. ಹೋಗುವಾಗ ಅವಳು ನಗುತ್ತಾ ಹೇಳಿದ್ದು ಈಗ ನಿಜವಾಗುತ್ತದೆ ಎಂದು ಪದ್ಮರಾಜರು ಚಾವಡಿಯಲ್ಲಿ ಸುಮ್ಮನೆ ಕೂತರು. ಹೇಳಬಾರದಿತ್ತೋ, ಹೇಳಿದ್ದು ಸರಿಯೋ, ಅದೂ ಗೊತ್ತಾಗಲಿಲ್ಲ. ಸಂಜೆ ಸೂರ್ಯ ಇರುವಾಗ ರಾಜಮತಿ ಬಡಿಸಿದಳು, ಅರ್ಧ ತಿಂದು ಎದ್ದರು.

ದೀಪ ಹಚ್ಚಿದ ಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಶರಣ್ಯಾ ಗೂಡು ಹಿಡಿದುಕೊಂಡು ಇಳಿದು ಬರುತ್ತಿದ್ದಳು, ಅತ್ತು ಮುಖ ಊದಿತ್ತು. ಗೂಡನ್ನು ಅಪ್ಪನ ಕುರ್ಚಿಯ ಪಕ್ಕದಲ್ಲಿಟ್ಟು, ಹುಲ್ಲಿನ ಚೀಲವನ್ನು ಅವರ ಮಡಿಲಿಗೆ ಹಾಕಿದಳು.

"ನನಗೆ ನಾಳೆಯಿಂದ ಟೆಸ್ಟ್ ಉಂಟು, ಬೇಗ ಮಲಗುತ್ತೇನೆ. ರಾತ್ರಿಯ ಹುಲ್ಲು ನೀವು ಹಾಕಿ."

"ನಾನಾ?"

"ಮತ್ತೆ ಯಾರು?" ಎಂದು ಅವಳು ಒಳಗೆ ಅಮ್ಮನ ಹತ್ತಿರ ಹೋದಳು.

ಪದ್ಮರಾಜರು ಚೀಲ ಬಿಚ್ಚಿ ಒಂದು ಹಿಡಿ ಹುಲ್ಲು ತೆಗೆದು ಗೂಡಿನತ್ತ ಬಗ್ಗಿದರು. ಬನ್ಸ್ ಕಣ್ಣು ತೆರೆದು ಅಲ್ಲಾಡದೆ ಕೂತಿತ್ತು. ಮಲಗಿದೆಯೋ ಎಚ್ಚರವಿದೆಯೋ ಅವರಿಗೆ ಈಗಲೂ ತಿಳಿಯಲಿಲ್ಲ. ಮಲಗಿದ್ದರೆ ಎಬ್ಬಿಸಬಾರದಲ್ಲ ಎಂದು, ಸದ್ದಾಗದ ಹಾಗೆ ಹುಲ್ಲನ್ನು ಅದರ ಮೂತಿಯ ಹತ್ತಿರ ಇಟ್ಟರು.